ಮಗುವಿನ ಜೊಲ್ಲು, ಬಸುರಿಯ ಆತಂಕ

ಮೊನ್ನೆ ಎರಡು ತಿಂಗಳ ಗರ್ಭಿಣಿಯೊಬ್ಬರು ಎರಡು ವರ್ಷದ ಮಗನನ್ನು ಎತ್ತಿಕೊಂಡು ಅಳುತ್ತಾ ಬಂದರು. ‘ಟಾರ್ಚ್’ ರಕ್ತಪರೀಕ್ಷೆಯ ವರದಿಯಲ್ಲಿ ಸೈಟೋಮೆಗಲೋ ವೈರಸ್, ಅಂದರೆ ಸಿಎಂವಿ, ಎದುರಿಗೆ ‘ಪಾಸಿಟಿವ್’ ಎಂದಿತ್ತು. ‘ಗರ್ಭ ತೆಗೆಸಬೇಕಂತೆ, ನಿಜವಾ ಡಾಕ್ಟ್ರೇ?’ ಎಂದರು ಜೊತೆಗಿದ್ದ ಅತ್ತೆ. ಹುಡುಗ ಮಾತ್ರ ನನ್ನ ಸ್ಟೆತಾಸ್ಕೋಪನ್ನು ಬಾಯಿಗಿಟ್ಟುಕೊಂಡು ಆರಾಮವಾಗಿದ್ದ.

ಪಾಸಿಟಿವ್ ಬಂದದ್ದು ಐಜಿಜಿ ಎಂಬ ಪ್ರತಿಕಾಯ. ಎಂದೋ ಈ ವೈರಸ್ ಮೈಹೊಕ್ಕಿತ್ತು ಎಂಬುದಷ್ಟೇ ಅದರ ಅರ್ಥ. ನಮ್ಮ ದೇಶದ ಬಹುಪಾಲು ವಯಸ್ಕರ ರಕ್ತದಲ್ಲಿ ಅದು ಇದ್ದೇ ಇರುತ್ತದೆ. ಇದನ್ನು ನೋಡಿ ಗರ್ಭಪಾತದ ಮಾತಾಡುವುದು ತಪ್ಪು. ಐಜಿಎಂ ಪಾಸಿಟಿವ್ ಬಂದರೂ ಅದೊಂದನ್ನೇ ನಂಬುವಂತಿಲ್ಲ. ಅದು ತಿಂಗಳುಗಟ್ಟಲೆ ಉಳಿಯಬಹುದು, ಸುಳ್ಳೂ ಹೇಳಬಹುದು. ಕಾರಣವಿಲ್ಲದೆ ಎಲ್ಲ ಗರ್ಭಿಣಿಯರಿಗೂ ಟಾರ್ಚ್ ಬರೆದುಕೊಡುವ ರೂಢಿ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಕ್ಕೂ ಈ ವೈರಸ್ ಎಲ್ಲಿರುತ್ತದೆ? ಬಹುಶಃ ಆ ಸ್ಟೆತಾಸ್ಕೋಪಿನ ಮೇಲೂ ಇತ್ತು! ಎದೆಹಾಲಿನಿಂದಲೋ, ಜೊತೆಯ ಮಕ್ಕಳ ಜೊಲ್ಲಿನಿಂದಲೋ ಪುಟ್ಟ ಮಕ್ಕಳಿಗೆ ಇದು ಬರುತ್ತದೆ. (ಹಾಗೆಂದು ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಎದೆಹಾಲು ಬಿಡಿಸಬೇಡಿ.) ಆರೋಗ್ಯವಂತ ಮಗು ಸಾಮಾನ್ಯವಾಗಿ ಉಂಡು ಆಡಿಕೊಂಡೇ ಇರುತ್ತದೆ. ಆದರೆ ಅದರ ಜೊಲ್ಲು, ಮೂತ್ರದಲ್ಲಿ ವೈರಸ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊರಬೀಳುತ್ತಿರುತ್ತದೆ. ದೊಡ್ಡವರಲ್ಲಿ ಇಷ್ಟು ಕಾಲ ಬೀಳುವುದಿಲ್ಲ.

ಏಕೆ ಈ ವ್ಯತ್ಯಾಸ? ಬಿಳಿರಕ್ತಕಣಗಳಲ್ಲಿ ‘ಟಿ’ ಕಣಗಳೆಂಬ ಪಡೆಯಿದೆ. ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುವ ಸಿಡಿ8 ಕಣಗಳು ಒಂದು ಬಗೆ. ಉಳಿದ ಕಣಗಳಿಗೆ ನೆರವಾಗಿ ಹುರಿದುಂಬಿಸುವ ಸಿಡಿ4 ಕಣಗಳು ಇನ್ನೊಂದು ಬಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿತ ಆರೋಗ್ಯವಂತ ಎಳೆಯರ ಸಿಡಿ8 ಕಣಗಳು ದೊಡ್ಡವರಂತೆಯೇ ಚುರುಕಾಗಿದ್ದವು. ಸಿಎಂವಿ ವಿರುದ್ಧದ ಸಿಡಿ4 ಪ್ರತಿಕ್ರಿಯೆ ಮಾತ್ರ ಬಹುಕಾಲ ಮಂದವಾಗಿತ್ತು. ಕಾಯಿಲೆ ಬಾರದಂತೆ ತಡೆಯಲು ಮಗುವಿನ ಬಲ ಸಾಕು, ಜೊಲ್ಲಿನಿಂದ ವೈರಸ್ಸನ್ನು ಬೇಗ ಓಡಿಸಲು ಸಾಲದು ಎಂದು ತೋರುತ್ತದೆ. ಇದು ರೋಗವಲ್ಲ, ವಯಸ್ಸಿನ ಗುಣ. ‘ರೋಗನಿರೋಧಕ ಶಕ್ತಿ’ ಹೆಚ್ಚಿಸುವುದಾಗಿ ಹೇಳುವ ಟಾನಿಕ್ಕುಗಳಿಗೆ ದಯವಿಟ್ಟು ಹಣ ಸುರಿಯಬೇಡಿ.

ಚಿಂತೆ ಇರುವುದು ಹೊಟ್ಟೆಯೊಳಗಿನ ಕೂಸಿನದು. ಗರ್ಭದಲ್ಲೇ ಸೋಂಕು ತಗುಲಿದ ಶಿಶುಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಕೆಲವಕ್ಕೆ ಕಿವಿ ಕೇಳಿಸದೆ ಹೋಗುತ್ತದೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಹಳೆಯ ಸೋಂಕಿರುವ ತಾಯಿಗೂ ಇನ್ನೊಂದು ತಳಿ ತಗುಲಬಹುದು, ಇಲ್ಲವೇ ಮೈಯೊಳಗೆ ಅಡಗಿದ್ದ ವೈರಸ್ಸೇ ಮತ್ತೆ ಎದ್ದೇಳಬಹುದು. ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಮಗು ಬಿಟ್ಟ ಅನ್ನವನ್ನು ಚೆಲ್ಲಲು ಮನಸ್ಸಾಗದೆ ತಾಯಿ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆಗಳಲ್ಲಿ ಸಹಜ. ಬಸುರಿ ಅದನ್ನು ಬಿಡಬೇಕು. ಎಂಜಲಿನ ವಿಷಯದಲ್ಲಿ ಅಜ್ಜಿಯರ ಕಟ್ಟುನಿಟ್ಟು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಗುವಿನ ತುಟಿಯ ಬದಲು ನೆತ್ತಿಗೆ ಮುತ್ತಿಡಿ. ಒದ್ದೆ ಬಟ್ಟೆ ಬದಲಿಸಿದ ಮೇಲೆ, ಜೊಲ್ಲು ಒರೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಹೆರಿಗೆಯಾದ ಕೂಡಲೇ ಶಿಶುವಿನ ಶ್ರವಣ ಪರೀಕ್ಷೆ ಮಾಡಿಸಿ. ದೋಷ ಕಂಡರೆ 21 ದಿನಗಳೊಳಗೆ ಅದರ ಮೂತ್ರ ಅಥವಾ ಜೊಲ್ಲಿನಲ್ಲಿ ಸಿಎಂವಿ ಇದೆಯೇ ನೋಡಿಸಬೇಕು. ತಡವಾದರೆ, ಸಿಕ್ಕ ವೈರಸ್ ಗರ್ಭದಲ್ಲಿ ಬಂದದ್ದೋ ಎದೆಹಾಲಿನಿಂದ ಬಂದದ್ದೋ ಹೇಳುವುದು ಕಷ್ಟ.