ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಷ್ಟು ದಿನ?

ಮಡಕಶಿರಾ, ರಾಯದುರ್ಗದ ಕಡೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ ಒಂದು ರಾತ್ರಿಯ ಪ್ರಯಾಣ. ಕೆರೆಯಲ್ಲೇ ನೀರಿಲ್ಲದ ಸೀಮೆಯವರಿಗೆ ನೌಕಾದಳದ ಮಾತು ಯಾಕೆ ಅಂತ ಓದುಗರು ಕೇಳಬಹುದು. ಕೇಳಲಿ. 2024ರ ಮಾರ್ಚ್ 2ರಂದು ಕೆಂಪು ಸಮುದ್ರದಲ್ಲಿ ಮುಳುಗಿದ ರೂಬಿಮಾರ್ ಎಂಬ ಹಡಗಿನ ಹೊಟ್ಟೆಯಲ್ಲಿ ಇದ್ದದ್ದು ಬಾಂಬೂ ಅಲ್ಲ, ಬಂದೂಕೂ ಅಲ್ಲ. ಸುಮಾರು 21 ಸಾವಿರ ಟನ್ ಗೊಬ್ಬರ. ಬಿತ್ತನೆಯ ಕಾಲಕ್ಕೆ ನಾವು ಸಾಲಿನಲ್ಲಿ ನಿಂತು ತರುವ ರಂಜಕದ ಗೊಬ್ಬರದ ಜಾತಿಯದೇ. 50 ಕಿಲೋ ಮೂಟೆಯ ಲೆಕ್ಕ ಹಾಕಿದರೆ 4 ಲಕ್ಷದ 20 ಸಾವಿರ ಮೂಟೆ ನೀರು ಪಾಲು.

ಅದು ಬಲ್ಗೇರಿಯಾಕ್ಕೆ ಹೊರಟಿದ್ದ ಸರಕು, ನಮ್ಮದಲ್ಲ, ನಿಜ. ಆದರೆ ನಮ್ಮ ಹೊಲಕ್ಕೆ ಬೀಳುವ ಪೊಟ್ಯಾಷ್ ಬಹುತೇಕ ಪೂರ್ತಿ ಹೊರದೇಶದ್ದು. ಜೋರ್ಡಾನಿನಿಂದ, ಮೊರಾಕೊದಿಂದ ಬರುವ ರಂಜಕಕ್ಕೂ, ರಷ್ಯಾ ಉಕ್ರೇನುಗಳಿಂದ ಬರುವ ಸೂರ್ಯಕಾಂತಿ ಎಣ್ಣೆಗೂ ಹತ್ತಿರದ ದಾರಿ ಇದೇ ಕೆಂಪು ಸಮುದ್ರ. ದೇಶದ ಹೊರವ್ಯಾಪಾರವನ್ನು ತೂಕದಲ್ಲಿ ಅಳೆದರೆ ನೂರಕ್ಕೆ 95 ಪಾಲು ನೀರಿನ ಮೇಲೆಯೇ ಸಾಗುತ್ತದೆ. ಆದವಾನಿಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೆಮೆನ್ ದೇಶದ ಹೌತಿ ಬಂಡುಕೋರರು 2023ರ ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹಿಡಿದುಕೊಂಡಲ್ಲಿಂದ ಈ ತಕರಾರು ದೊಡ್ಡದಾಯಿತು. ಅವರ ಹತ್ತಿರ ಹೇಳಿಕೊಳ್ಳುವಂಥ ನೌಕಾದಳವೇ ಇಲ್ಲ. ಆದರೆ ಬಾಬ್ ಎಲ್ ಮಂದೆಬ್ ಜಲಸಂಧಿಯ ಅಗಲ ಸುಮಾರು 30 ಕಿಲೋಮೀಟರ್ ಮಾತ್ರ. ದಡದ ಗುಡ್ಡದ ಮೇಲೆ ಕೂತು ಡ್ರೋನ್, ಕ್ಷಿಪಣಿ ಬಿಟ್ಟರು. ಜಗತ್ತಿನ ದೊಡ್ಡ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದವು. ಹತ್ತು ಹದಿನೈದು ದಿನ ಹೆಚ್ಚು ಪ್ರಯಾಣ, ಹೆಚ್ಚು ಎಣ್ಣೆ, ಹೆಚ್ಚು ವಿಮೆ.

ಕಾಯಲು ಅಮೆರಿಕದ ಯುದ್ಧನೌಕೆಗಳು ಬಂದವು, ಯುರೋಪಿನವೂ ಬಂದವು. ಬಹುಪಾಲು ಡ್ರೋನ್‌ಗಳನ್ನು ಹೊಡೆದುರುಳಿಸಿದವು ಕೂಡ. ಲೆಕ್ಕ ನೋಡಿದರೆ ಮಾತ್ರ ತಲೆ ತಿರುಗುತ್ತದೆ. ಇಂಥ ಡ್ರೋನಿನ ಬೆಲೆ 20 ಸಾವಿರದಿಂದ 50 ಸಾವಿರ ಡಾಲರ್ ಎಂಬುದು ಸಾಮಾನ್ಯ ಅಂದಾಜು; ನಮ್ಮ ಲೆಕ್ಕದಲ್ಲಿ ಎರಡರಿಂದ ಐದು ಟ್ರ್ಯಾಕ್ಟರು. ಅದನ್ನು ಹೊಡೆಯುವ ಒಂದು ಕ್ಷಿಪಣಿಗೆ ಸುಮಾರು 20 ಲಕ್ಷ ಡಾಲರ್, ಅಂದರೆ 16 ಕೋಟಿ ರೂಪಾಯಿಗೂ ಮೇಲೆ. ತೆಲುಗಿನಲ್ಲಿ ಪಿಚ್ಚುಕ ಮೀದ ಬ್ರಹ್ಮಾಸ್ತ್ರಂ ಅನ್ನುತ್ತಾರೆ, ನಾವು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅನ್ನುತ್ತೇವೆ. ಎರಡು ಭಾಷೆಯಲ್ಲೂ ಅದು ನಗೆಯ ಮಾತು. ಇಲ್ಲಿ ನಗುವ ಹಾಗಿಲ್ಲ, ಯಾಕೆಂದರೆ ಗುಬ್ಬಿಯನ್ನು ಹೊಡೆಯದೆ ಬಿಟ್ಟರೆ ಸಾವಿರಾರು ಕೋಟಿಯ ಹಡಗೂ ಹೋಗುತ್ತದೆ, ನೂರಾರು ನಾವಿಕರೂ ಹೋಗುತ್ತಾರೆ.

ದುಡ್ಡಿಗಿಂತ ಕಷ್ಟದ್ದು ಇನ್ನೊಂದಿದೆ. ಅಮೆರಿಕದ ಒಂದು ಡಿಸ್ಟ್ರಾಯರ್ ಹಡಗಿನಲ್ಲಿ ಕ್ಷಿಪಣಿ ತುಂಬುವ ಗೂಡುಗಳು 90ರಿಂದ 96. ಅವು ಖಾಲಿಯಾದರೆ ನಡುಸಮುದ್ರದಲ್ಲಿ ಮತ್ತೆ ತುಂಬಲು ಬರುವುದಿಲ್ಲ, ಬಂದರಿಗೆ ಹೋಗಬೇಕು. ಕಡಲೆಕಾಯಿ ಹೊಲದಲ್ಲಿ ರಾತ್ರಿ ಹಂದಿ ಕಾದವರಿಗೆ ಈ ಸಂಕಟ ಗೊತ್ತು. ಪಟಾಕಿ ಮುಗಿಯುವ ತನಕ ಹಂದಿ ಬದುವಿನ ಆಚೆ ಕಾದಿರುತ್ತದೆ. ತಿಂಗಳುಗಟ್ಟಲೆ ಕಣ್ಣು ಮುಚ್ಚದೆ ಕಾದರೆ ತಪ್ಪುಗಳೂ ಆಗುತ್ತವೆ. 2024ರ ಡಿಸೆಂಬರ್ 22ರಂದು ಅಮೆರಿಕದ ಗೆಟ್ಟಿಸ್‌ಬರ್ಗ್ ಹಡಗು ತನ್ನದೇ ದೇಶದ ಯುದ್ಧವಿಮಾನವನ್ನು ಹೊಡೆದು ಬೀಳಿಸಿತು. ಪುಣ್ಯಕ್ಕೆ ಪೈಲಟ್‌ಗಳಿಬ್ಬರೂ ಉಳಿದರು.

ಕಪ್ಪು ಸಮುದ್ರದಲ್ಲಿ ಇದಕ್ಕೂ ಮುಂಚೆಯೇ ಪಾಠವಾಗಿತ್ತು. 2022ರ ಏಪ್ರಿಲ್ 14ರಂದು ರಷ್ಯಾದ ಮೊಸ್ಕ್ವಾ ಮುಳುಗಿತು, ಆ ಪಡೆಯ ಮುಖ್ಯ ಹಡಗು ಅದು. ದಡದಿಂದ ಎರಡು ಕ್ಷಿಪಣಿ ಬಿಟ್ಟೆವು ಅಂತ ಉಕ್ರೇನ್ ಹೇಳಿತು. ಬೆಂಕಿ ಬಿತ್ತು ಅಂತ ರಷ್ಯಾ ಹೇಳಿತು. ಏನೇ ಇರಲಿ, ಆಮೇಲೆ ಉಕ್ರೇನಿನ ಆಳಿಲ್ಲದ ಬಾಂಬು ದೋಣಿಗಳ ಕಾಟಕ್ಕೆ ರಷ್ಯಾ ತನ್ನ ಹಡಗುಗಳನ್ನು ಪೂರ್ವದ ನೊವೊರೊಸಿಸ್ಕ್ ಬಂದರಿಗೆ ಸಾಗಿಸಬೇಕಾಯಿತು.

ನಮ್ಮ ನೌಕಾದಳ ಈ ಕಾಲದಲ್ಲಿ ಮಾಡಿದ ಕೆಲಸ ಹೆಮ್ಮೆಯದು. 2023ರ ಡಿಸೆಂಬರ್ 23ರಂದು ಸೌದಿಯಿಂದ ಕಚ್ಚಾತೈಲ ಹೊತ್ತು ನಮ್ಮ ಮಂಗಳೂರಿಗೇ ಬರುತ್ತಿದ್ದ ಕೆಮ್ ಪ್ಲುಟೊ ಹಡಗಿಗೆ ಗುಜರಾತ್ ಕರಾವಳಿಯಾಚೆ ಡ್ರೋನ್ ಬಡಿಯಿತು. ಕೋಸ್ಟ್ ಗಾರ್ಡ್‌ನವರು ಅದನ್ನು ಮುಂಬೈಗೆ ತಂದು ಮುಟ್ಟಿಸಿದರು. ಮರು ತಿಂಗಳು ಮಾರ್ಲಿನ್ ಲುವಾಂಡಾ ಹಡಗಿಗೆ ಬೆಂಕಿ ಬಿದ್ದಾಗ ಐಎನ್‌ಎಸ್ ವಿಶಾಖಪಟ್ಟಣಂನ ಹುಡುಗರು ಆ ಹಡಗನ್ನೇ ಹತ್ತಿ ಬೆಂಕಿ ಆರಿಸಿದರು. ಅದರಲ್ಲಿದ್ದವರಲ್ಲಿ 22 ಮಂದಿ ಭಾರತೀಯರು. 2024ರ ಮಾರ್ಚ್ 16ರಂದು ನಮ್ಮ ದಡದಿಂದ 2600 ಕಿಲೋಮೀಟರ್ ದೂರದಲ್ಲಿ ಐಎನ್‌ಎಸ್ ಕೋಲ್ಕತ್ತಾ 35 ಮಂದಿ ಸೊಮಾಲಿ ಕಡಲ್ಗಳ್ಳರನ್ನು ಹಿಡಿದು, ರೂಯೆನ್ ಹಡಗಿನ 17 ಜನರನ್ನು ಬಿಡಿಸಿತು. ಕಮಾಂಡೊಗಳು ವಿಮಾನದಿಂದ ಸಮುದ್ರಕ್ಕೇ ಹಾರಿದ್ದರು.

ಇಷ್ಟೆಲ್ಲ ಮಾಡಬಲ್ಲ ದಳದಲ್ಲಿ ಒಂದು ತೂತಿದೆ. ಅದರ ಬಗ್ಗೆ ಮಾತಾಡುವವರು ಕಡಿಮೆ.

ಮೈನು ಅಂದರೆ ನೀರಿನಲ್ಲಿ ಅಡಗಿಸಿಡುವ ಸಿಡಿಗುಂಡು. ಡ್ರೋನಿಗಿಂತ ಹಳೆಯದು, ಅದಕ್ಕಿಂತ ಅಗ್ಗ. 1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರಾಬರ್ಟ್ಸ್ ಹಡಗಿನ ತಳ ಹರಿದ ಮೈನಿನ ಬೆಲೆ ಸುಮಾರು 1500 ಡಾಲರ್ ಅಂತ ಅಂದಾಜು. ಹಡಗಿನ ರಿಪೇರಿಗೆ ತಗುಲಿದ್ದು ಸುಮಾರು 9 ಕೋಟಿ ಡಾಲರ್. ಕೆಲವು ಮೈನುಗಳು ತಳದಲ್ಲಿ ಮಲಗಿ, ಮೇಲೆ ಹೋಗುವ ಹಡಗಿನ ಸದ್ದನ್ನೂ ಕಬ್ಬಿಣದ ಕಾಂತವನ್ನೂ ಗುರುತಿಸಿ ಸಿಡಿಯುತ್ತವೆ. ಹೀಗಾಗಿ ಅವನ್ನು ಹುಡುಕಿ ತೆಗೆಯುವ ಹಡಗನ್ನು ಮರದಲ್ಲೋ ಫೈಬರ್‌ಗ್ಲಾಸಿನಲ್ಲೋ ಕಾಂತ ಹಿಡಿಯದ ಉಕ್ಕಿನಲ್ಲೋ ಕಟ್ಟಬೇಕು. ಬಂದರಿನ ಬಾಯಲ್ಲಿ ಒಂದೇ ಒಂದು ಮೈನು ಇದೆ ಎಂಬ ಗುಮಾನಿ ಸಾಕು, ಯಾವ ಕ್ಯಾಪ್ಟನ್ನೂ ಒಳಗೆ ಬರುವುದಿಲ್ಲ. ಗೊಬ್ಬರದ ಹಡಗು ಹೊರಗೇ ನಿಂತಿರುತ್ತದೆ, ಯುದ್ಧನೌಕೆ ಒಳಗೇ ಕೂತಿರುತ್ತದೆ.

ಸೋವಿಯತ್ ಒಕ್ಕೂಟದಿಂದ ಬಂದ ಇಂಥ 12 ಹಡಗುಗಳು ನಮ್ಮಲ್ಲಿದ್ದವು. ಅದರಲ್ಲಿ ಎರಡರ ಹೆಸರು ಕಾರವಾರ, ಕಾಕಿನಾಡ; ನಮ್ಮ ಎರಡು ಸೀಮೆಯ ಊರುಗಳೇ. ಎರಡೂ 1986ರಲ್ಲಿ ಸೇವೆಗೆ ಬಂದು 2017ರಲ್ಲಿ ಮುಂಬೈಯಲ್ಲಿ ನಿವೃತ್ತಿಯಾದವು. ಕೊನೆಯದಾದ ಐಎನ್‌ಎಸ್ ಕೋಳಿಕ್ಕೋಡ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಅವುಗಳ ಜಾಗಕ್ಕೆ ಗೋವಾದ ಕಾರ್ಖಾನೆಯಲ್ಲಿ ದಕ್ಷಿಣ ಕೊರಿಯಾದ ನೆರವಿನಿಂದ 12 ಹೊಸ ಹಡಗು ಕಟ್ಟುವ ಮಾತು ವರ್ಷಗಟ್ಟಲೆ ಎಳೆದಾಡಿ 2018ರಲ್ಲಿ ರದ್ದಾಯಿತು. ಇಷ್ಟು ಉದ್ದದ ಕರಾವಳಿಯ ದೇಶ ಈ ಕೆಲಸಕ್ಕೆಂದೇ ಕಟ್ಟಿದ ಹಡಗಿಲ್ಲದೆ ವರ್ಷಗಳನ್ನು ದೂಡಿತು.

ಅದೇ ಹೊತ್ತಿನಲ್ಲಿ ಸುಮಾರು 20 ಸಾವಿರ ಕೋಟಿಯ ವಿಕ್ರಾಂತ್ 2022ರಲ್ಲಿ ಸೇವೆಗೆ ಬಂತು. ವಿಮಾನನೌಕೆಗಳಿಗೆಂದು 26 ರಫೇಲ್ ವಿಮಾನಗಳಿಗೆ 2025ರ ಏಪ್ರಿಲ್‌ನಲ್ಲಿ ಸುಮಾರು 63 ಸಾವಿರ ಕೋಟಿಯ ಒಪ್ಪಂದವಾಯಿತು. ಇವು ಬೇಡವೆಂದು ನಾವು ಹೇಳುವುದಿಲ್ಲ. ಚೀನಾ 2025ರ ನವೆಂಬರ್‌ನಲ್ಲಿ ಮೂರನೆಯ ವಿಮಾನನೌಕೆಯನ್ನು ಸೇವೆಗೆ ತಂದಿರುವಾಗ ಸುಮ್ಮನೆ ಕೂರಲಾದೀತೆ? ಆದರೆ ವಿಕ್ರಾಂತ್ ಬಂದರಿನಿಂದ ಹೊರಡಬೇಕಾದರೂ ಮುಂದೆ ದಾರಿ ಗುಡಿಸುವ ಒಂದು ಸಣ್ಣ ಹಡಗು ಬೇಕು. ದೊಡ್ಡ ಹಡಗಿಗೆ ಮಂತ್ರಿಗಳು ಬರುತ್ತಾರೆ, ಫೋಟೊ ಬರುತ್ತದೆ. ಮೈನು ಗುಡಿಸುವ ಹಡಗಿಗೆ ಯಾರು ಬರುತ್ತಾರೆ?

2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿ ಇಂಥ ಹಡಗುಗಳು ಬೇಕು ಎಂದು ಮತ್ತೆ ಒಪ್ಪಿದೆ. ಒಪ್ಪುವುದು ಮೊದಲ ಮೆಟ್ಟಿಲು. ಟೆಂಡರು, ಕಟ್ಟೋಣ, ಪರೀಕ್ಷೆ ಎಲ್ಲ ಆಮೇಲೆ. ಅದೇ ತಿಂಗಳು ಕೆಂಪು ಸಮುದ್ರದಲ್ಲಿ ಮ್ಯಾಜಿಕ್ ಸೀಸ್, ಎಟರ್ನಿಟಿ ಸಿ ಎಂಬ ಇನ್ನೆರಡು ಸರಕು ಹಡಗುಗಳನ್ನು ಹೌತಿಗಳು ಮುಳುಗಿಸಿದರು. ಮುಂದಿನ ಬಜೆಟ್ ಅಧಿವೇಶನದಲ್ಲಿ ನಮ್ಮ ಎರಡೂ ರಾಜ್ಯಗಳ ಸಂಸದರು ಎದ್ದು ನಿಂತು ಕೇಳಲಿ: ಹೊಸ ಕಾರವಾರ, ಹೊಸ ಕಾಕಿನಾಡ ಯಾವ ವರ್ಷ ನೀರಿಗಿಳಿಯುತ್ತವೆ? ಡ್ರೋನ್ ಹೊಡೆಯಲು ಅಗ್ಗದ ತೋಪು ಎಷ್ಟು ಹಡಗಿಗೆ ಜೋಡಿಸಿದ್ದೀರಿ?