ಹಠಮಾರಿ ಮಗುವೂ ಗೃಹಸ್ಥನ ಅಹಿಂಸೆಯೂ

ಸಂಜೆಯ ಊಟದ ಹೊತ್ತು. ಎಂಟು ವರ್ಷದ ಮಗ ಶಾಲೆಯ ಪುಸ್ತಕವನ್ನು ಹರಿದಿದ್ದಾನೆ, ತಟ್ಟೆಯನ್ನು ಗೋಡೆಗೆ ಎಸೆದಿದ್ದಾನೆ, ತಡೆಯಲು ಬಂದ ತಾಯಿಯನ್ನು ಒದ್ದಿದ್ದಾನೆ. ಪಕ್ಕದ ಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಅಜ್ಜಿ ‘ಯಾವ ಜನ್ಮದ ಕರ್ಮವೋ’ ಎಂದು ನಿಟ್ಟುಸಿರಿಡುತ್ತಾರೆ. ತಂದೆಯ ಕೈ ಮೇಲೇಳುತ್ತದೆ. ಅತ್ತಿಗುಪ್ಪೆಯಂತಹ ಬಡಾವಣೆಯ ಯಾವ ಮನೆಯಲ್ಲಿಯೂ ಕಾಣಬಹುದಾದ ದೃಶ್ಯವಿದು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿಯೂ ಆ ಕೈ ಏಳುತ್ತದೆ ಎಂಬುದೇ ವಿಚಾರಿಸಬೇಕಾದ ಸಂಗತಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ದನಕರುಗಳ ವಿಷಯದಲ್ಲಿ ಸಾಮಾನ್ಯವಾಗಿ ವಿವರಿಸಲಾಗುವ ಈ ದೋಷಗಳನ್ನು ಮಗುವಿನ ವಿಷಯದಲ್ಲಿಯೂ ಇಟ್ಟು ನೋಡಬೇಕು. ಕೋಣೆಯಲ್ಲಿ ಕೂಡಿಹಾಕುವುದು ಬಂಧ. ಬೆತ್ತ ಹಿಡಿಯುವುದು ವಧ. ದಣಿದು ಬಂದ ಮಗುವಿನ ಮೇಲೆ ಟ್ಯೂಷನ್‌ಗಳನ್ನು ಹೇರುವುದು ಅತಿಭಾರಾರೋಪಣ. ‘ಮಾತು ಕೇಳುವವರೆಗೆ ಊಟವಿಲ್ಲ’ ಎನ್ನುವುದು ಅನ್ನಪಾನನಿರೋಧ. ಅಂಗಚ್ಛೇದವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಶಿಸ್ತಿನ ಹೆಸರಿನಲ್ಲಿ ನಡೆಯುತ್ತವೆ.

ಹಾಗೆಂದು ಮಗುವನ್ನು ಅದರ ಪಾಡಿಗೆ ಬಿಡಬೇಕೆಂದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರಿದವನನ್ನು ಮತ್ತೆ ದಾರಿಗೆ ತಂದು ನಿಲ್ಲಿಸುವುದೇ ಅದು. ಅದರ ಬಗೆಯನ್ನು ಗುಣಭದ್ರಾಚಾರ್ಯರ ಉತ್ತರಪುರಾಣದ ಕಥೆಯೊಂದು ತೋರಿಸುತ್ತದೆ. ಭರತ ಚಕ್ರವರ್ತಿಯ ಮಗ ಮರೀಚಿ ತಾತನಾದ ವೃಷಭನಾಥರೊಡನೆ ದೀಕ್ಷೆ ಪಡೆದು, ಅದನ್ನು ತಾಳಲಾರದೆ ತೊರೆದು, ಅವರ ಮಾರ್ಗಕ್ಕೇ ವಿರುದ್ಧವಾಗಿ ನಡೆದ. ಅನೇಕ ಭವಗಳ ಅನಂತರ ಆ ಜೀವ ಸಿಂಹವಾಗಿ ಹುಟ್ಟಿ ಜಿಂಕೆಯನ್ನು ಬೇಟೆಯಾಡುತ್ತಿದ್ದಾಗ ಇಬ್ಬರು ಚಾರಣ ಮುನಿಗಳು ಅದರ ಬಳಿಗೆ ಬಂದರು. ಹೆದರಲಿಲ್ಲ, ಹೊಡೆಯಲಿಲ್ಲ, ಮಾಡುತ್ತಿದ್ದುದು ಸರಿಯೆಂದೂ ಹೇಳಲಿಲ್ಲ. ಅದು ಯಾರೆಂಬುದನ್ನು ಅದಕ್ಕೇ ನೆನಪಿಸಿದರು. ಸಿಂಹ ಕಣ್ಣೀರು ಸುರಿಸಿ ವ್ರತ ಹಿಡಿಯಿತು. ಆ ಜೀವವೇ ಮುಂದೆ ಭಗವಾನ್ ಮಹಾವೀರನಾಯಿತು.

ಮುನಿಗಳು ಕಂಡದ್ದು ಉಗುರು, ಕೋರೆಗಳನ್ನಲ್ಲ, ಒಳಗಿನ ಜೀವವನ್ನು. ಹಠವು ಮಗುವಿನಲ್ಲಿ ಉದಯಿಸಿದ ಕಷಾಯ, ಅದೇ ಮಗುವಲ್ಲ. ತಂದೆತಾಯಿಯರ ಕೋಪವೂ ಕಷಾಯವೇ. ನೆರೆಯವರ ಮುಂದೆ ಮಾನ ಹೋಯಿತೆಂಬ ಉರಿಯಿಂದ ಎದ್ದ ಕೈ ತಿದ್ದುವುದು ಮಗುವನ್ನಲ್ಲ, ತಣಿಸುವುದು ತನ್ನ ಮಾನಕಷಾಯವನ್ನು. ನಿಯಮ ಕಡಮೆಯಿರಲಿ, ಆದರೆ ದಿನವೂ ಒಂದೇ ಆಗಿರಲಿ. ‘ಒದೆಯಕೂಡದು’ ಎಂಬ ಮಾತು ದೃಢವಾಗಿರಲಿ, ದನಿ ಮಾತ್ರ ಏರದಿರಲಿ. ಶಾಂತವಾಗಿ ನಡೆದುಕೊಂಡ ಕ್ಷಣವನ್ನು ಗುರುತಿಸಿ ಮೆಚ್ಚುವುದೂ ಸ್ಥಿತಿಕರಣವೇ.

ಕರ್ಮವೆಂದು ಕೈಕಟ್ಟಿ ಕೂರುವುದು ಜಿನಧರ್ಮವಲ್ಲ. ಜ್ವರ ಬಂದ ಮಗುವಿಗೆ ಯಾರೂ ಔಷಧವನ್ನು ತಪ್ಪಿಸುವುದಿಲ್ಲ. ಆರು ತಿಂಗಳಾದರೂ ಇಳಿಯದ, ಮನೆಯನ್ನೂ ಶಾಲೆಯನ್ನೂ ಕೆಡಿಸುವ ಅವಿಧೇಯತೆಯನ್ನು ವೈದ್ಯಶಾಸ್ತ್ರವು ಒಂದು ಅಸ್ವಸ್ಥತೆಯೆಂದು ಗುರುತಿಸಿದೆ. ಅದರ ಮುಖ್ಯ ಚಿಕಿತ್ಸೆಯೇ ಹೆತ್ತವರಿಗೆ ನೀಡುವ ತರಬೇತಿ ಎಂಬುದು ಗಮನಾರ್ಹ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ. ಮೊದಲ ಮಾತಿಗೆ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯೂ ಇದೆ. ನಾಲ್ಕು ದಾನಗಳಲ್ಲಿ ಔಷಧವೂ ಅಭಯವೂ ಸೇರಿವೆ. ಈ ಮಗುವಿಗೆ ಎರಡೂ ಬೇಕು.

ಕ್ಷಮಾವಣಿಯ ದಿನ ಶ್ರಾವಕನು ಎಲ್ಲ ಜೀವಗಳ ಕ್ಷಮೆ ಕೋರುತ್ತಾನೆ. ಬಂಧುಗಳಿಗೆಲ್ಲ ಕೈಮುಗಿದು ಬಂದ ತಂದೆ, ರಾತ್ರಿ ಅತ್ತು ಮಲಗಿದ ಮಗನ ಬಳಿಯೂ ಒಮ್ಮೆ ಕೂರಬೇಕು. ಆ ಕ್ಷಮೆಯನ್ನು ಕೇಳಲು ವರ್ಷದ ಆ ದಿನಕ್ಕಾಗಿ ಕಾಯಬೇಕಾಗಿಯೂ ಇಲ್ಲ.