ಕೊಳಗ ಯಾರ ಕೈಯಲ್ಲಿದೆ?

“ನಮ್ಮ ಜನಕ್ಕೆ ಲೆಕ್ಕವೇ ಬಾರದು.” ಸಾಲ ಕೊಡುವವನ ಬಾಯಲ್ಲಿ, ಸಂಬಳ ಬಟವಾಡೆಯ ಮೇಜಿನ ಹಿಂದೆ, ಪಟ್ಟಣದ ವಿದ್ಯಾವಂತರ ಕೂಟದಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಕೂಲಿ ಏಕೆ ಸಾಲದು? ಲೆಕ್ಕ ಬಾರದು! ಸಾಲ ಏಕೆ ತೀರದು? ಲೆಕ್ಕ ಬಾರದು! ದುಡಿಯುವವನ ಬಡತನಕ್ಕೆ ಅವನ ದಡ್ಡತನವೇ ಕಾರಣವೆಂದು ತೀರ್ಪು ಕೊಟ್ಟುಬಿಟ್ಟರೆ ಸುಲಿಯುವವನು ನಿಶ್ಚಿಂತೆಯಿಂದ ಮಲಗಬಹುದಲ್ಲವೆ?

ಈ ಮಹನೀಯರು ಒಂದು ದಿನ ಬೆಳಗಿನ ಆರು ಗಂಟೆಗೆ ತರಕಾರಿ ಮಾರ್ಕೆಟ್ಟಿಗೆ ದಯಮಾಡಿಸಲಿ. ಕಿಲೋಗೆ 36 ರೂಪಾಯಿಯ ಬೀನ್ಸು ಮುಕ್ಕಾಲು ಕಿಲೋ, 24 ರೂಪಾಯಿಯ ಟೊಮೇಟೊ ಒಂದೂವರೆ ಕಿಲೋ, ಐದು ರೂಪಾಯಿಯ ಕೊತ್ತಂಬರಿ ಕಟ್ಟು. ಗಿರಾಕಿ ಕೊಟ್ಟದ್ದು ನೂರರ ನೋಟು. ಶಾಲೆಯ ಮೆಟ್ಟಿಲು ಹತ್ತದ ತಾಯಿ ಕಾಗದ ಪೆನ್ಸಿಲ್ಲುಗಳ ಹಂಗಿಲ್ಲದೆ 32 ರೂಪಾಯಿ ಎಣಿಸಿ ಕೊಡುತ್ತಾಳೆ. ಕಾಲು, ಅರೆ, ಮುಕ್ಕಾಲು ಅವಳ ನಾಲಗೆಯ ತುದಿಯಲ್ಲಿವೆ. ಇದು ಲೆಕ್ಕವಲ್ಲದೆ ಮತ್ತೇನು?

ಪಂಡಿತರೂ ಇದನ್ನು ಒಪ್ಪಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದ ಕಠಿಣ ಲೆಕ್ಕವನ್ನು ಬಾಯಲ್ಲೇ ಮಾಡುವ ಆ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದ ಲೆಕ್ಕದ ಮುಂದೆ ತಡವರಿಸಿದರು. ಶಾಲೆಯ ಮಕ್ಕಳೋ, ಅಂಗಡಿಯ ಲೆಕ್ಕದ ಮುಂದೆ ಸೋತರು. ಬುದ್ಧಿ ಎರಡೂ ಕಡೆ ಇತ್ತು. ನಡುವೆ ಸೇತುವೆ ಇರಲಿಲ್ಲ. ಆ ಸೇತುವೆ ಇಲ್ಲದ ಹಳ್ಳದಲ್ಲೇ ಸುಲಿಗೆಗಾರ ಬಲೆ ಹಾಕಿ ಕೂತಿದ್ದಾನೆ.

ಅವನ ಬಲೆಯನ್ನು ಬಿಚ್ಚಿ ನೋಡೋಣ. ಬೀದಿ ವ್ಯಾಪಾರಿಗೆ ‘ನೂರಕ್ಕೆ ಹತ್ತು ಅಷ್ಟೇ’ ಎಂದು 10,000 ರೂಪಾಯಿ ಸಾಲ. ಸಾವಿರ ಮೊದಲೇ ಮುರಿದುಕೊಂಡು ಕೈಗೆ 9,000. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಆದರೆ ಅಸಲು ದಿನದಿನವೂ ವಾಪಸು ಹೋಗುತ್ತಿದೆ. ಐವತ್ತನೆಯ ದಿನಕ್ಕೆ ಸುಮಾರು ಅರ್ಧ ಹೋಗಿದೆ, ಕೊನೆಯ ವಾರದಲ್ಲಿ ಉಳಿದದ್ದು ಕೆಲವೇ ನೂರು. ಇದನ್ನು ವರ್ಷಕ್ಕೆ ಹಾಕಿ ನೋಡಿದರೆ ಬಡ್ಡಿ ನೂರಕ್ಕೆ 75ನ್ನು ಮೀರುತ್ತದೆ!

ಕಂತಿನ ಮೇಲೆ ಸ್ಕೂಟರು ಕೊಂಡವನ ಗತಿಯೂ ಇದೇ. 60,000 ಸಾಲ, ‘ಫ್ಲಾಟ್’ ನೂರಕ್ಕೆ 12, ಎರಡು ವರ್ಷ, ತಿಂಗಳಿಗೆ 3,100. ತೀರಿಸಿದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟುವ ಈ ಉಪಾಯದಲ್ಲಿ ನಿಜವಾದ ದರ ನೂರಕ್ಕೆ ಇಪ್ಪತ್ತೊಂದನ್ನು ದಾಟುತ್ತದೆ.

ಇನ್ನು ಗಿರಣಿಯ ಬಾಗಿಲಿಗೆ ಬನ್ನಿ. 26 ದಿನಕ್ಕೆ 15,600 ಸಂಬಳವೆಂದರೆ ದಿನಕ್ಕೆ 600, ಎಂಟು ಗಂಟೆಯಲ್ಲಿ ಗಂಟೆಗೆ 75. ಓವರ್‌ಟೈಮಿಗೆ ಎರಡರಷ್ಟು ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ಹಕ್ಕು. 20 ಗಂಟೆಗೆ 3,000 ಬರಬೇಕು. ಚೀಟಿಯಲ್ಲಿ ‘ಇತರೆ 1,500’ ಎಂದಷ್ಟೇ ಇದ್ದರೆ ಉಳಿದ 1,500 ಎಲ್ಲಿ ಹೋಯಿತು? ಗಂಟೆಯನ್ನೂ ದರವನ್ನೂ ಬರೆಯದ ಚೀಟಿಯಲ್ಲಿ ಗಣಿತದ ಪ್ರೊಫೆಸರನೂ ಉತ್ತರ ಹುಡುಕಲಾರ!

ಲೆಕ್ಕದ ಜಗಳ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಜಗಳದ ಬುಡದಲ್ಲಿದ್ದದ್ದು ಗೇಣಿ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು. ರೈತನಿಗೆ ಎಣಿಸಲು ಬರುತ್ತಿತ್ತು. ಆದರೆ ಅಳತೆ ಒಡೆಯನ ಕೈಯಲ್ಲಿತ್ತು. ಗೋಪಾಲಗೌಡರು ಆ ಹೋರಾಟಕ್ಕೆ ದುಮುಕಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಂದಿನ ‘ಫ್ಲಾಟ್’ ಬಡ್ಡಿ, ಇಂದಿನ ‘ಇತರೆ’ ಕಲಮು, ಅದೇ ಕೊಳಗದ ಮೊಮ್ಮಕ್ಕಳು.

ಹಾಗೆಂದು ನಮ್ಮ ಕೊರತೆಯನ್ನು ಮುಚ್ಚಿಡುವುದು ಬೇಡ. 2023ರ ‘ಅಸರ್’ ಸಮೀಕ್ಷೆಯಲ್ಲಿ ಹಳ್ಳಿಗಾಡಿನ 14ರಿಂದ 18 ವರ್ಷದವರ ಪೈಕಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ 43 ಮಾತ್ರ. ಕಳೆಯುವ ಲೆಕ್ಕ ಬಲ್ಲವರಲ್ಲೂ ಸಾಲದ ಮರುಪಾವತಿಯನ್ನು ಲೆಕ್ಕ ಹಾಕಿದವರು ನೂರಕ್ಕೆ ಹತ್ತರ ಆಸುಪಾಸು. ನಾಳೆ ಸಾಲದ ಕಾಗದಕ್ಕೆ ರುಜು ಹಾಕುವವರು ಇದೇ ಮಕ್ಕಳು. ಸಾಲದ ಲೆಕ್ಕ ಕಲಿಸದ ಶಾಲೆ ಯಾರ ಮಕ್ಕಳಿಗಾಗಿ?

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಸಾಮಾನ್ಯರ ಸಾಲಕ್ಕೆ, ಸಣ್ಣ ಉದ್ದಿಮೆಯ ಸಾಲಕ್ಕೆ ಖರ್ಚುಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಬರೆದುಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ. ದಿನದ ಕಂತಿನವನು ಇಂಥ ಕಾಗದ ಕೊಡುವುದಿಲ್ಲ; ಅವನೆದುರು ಮೂರು ಪ್ರಶ್ನೆ ಸಾಕು: ಕೈಗೆ ಬರುವುದೆಷ್ಟು? ಒಟ್ಟು ಕಟ್ಟುವುದೆಷ್ಟು? ಎಷ್ಟು ದಿನದಲ್ಲಿ?

ಕೇಳಲು ನಾಚಿಕೆಯೇ? ‘ಇಷ್ಟೂ ಗೊತ್ತಿಲ್ಲವೆ?’ ಎಂಬ ಅವರ ನಗೆಗೆ ಹೆದರಿ ಹೆಬ್ಬೆಟ್ಟು ಒತ್ತಿದವರೆಷ್ಟೋ, ಓದಿಯೂ ಓದದೆ ರುಜು ಹಾಕಿದವರೆಷ್ಟೋ! ನಾಚಬೇಕಾದವನು ಮುಚ್ಚಿಟ್ಟವನು, ಕೇಳಿದವನಲ್ಲ. ಯೂನಿಯನ್ ಕಚೇರಿಗಳು ಭಾನುವಾರ ಎರಡು ಗಂಟೆ ಬಾಗಿಲು ತೆರೆದಿಡಲಿ. ಸಂಬಳದ ಚೀಟಿ, ಸಾಲದ ಪುಸ್ತಕ ಹಿಡಿದು ಬನ್ನಿ. ಮಾರ್ಕೆಟ್ಟಿನ ತಾಯಿ ಬಾಯಿಲೆಕ್ಕ ಹೇಳಲಿ, ಹೈಸ್ಕೂಲಿನ ಹುಡುಗ ಬರೆದು ತೋರಿಸಲಿ. ಸೇತುವೆ ಕಟ್ಟುವುದು ಹೀಗೆ.

ಲೆಕ್ಕ ನಮಗೆ ಬರುತ್ತದೆ. ಈಗ ಕೊಳಗ ನಮ್ಮ ಕೈಗೆ ಬರಬೇಕು.